ಸೊನ್ನೆಗೆ ಬಿದ್ದ ಮುಳ್ಳು

ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದಾಗ ಮೊದಲು ಕಾಣುವುದು ಉದ್ದನೆಯ ಮೂತಿ. ಆಮೇಲೆ ಒಳಕ್ಕೆ ಹುದುಗಿದ ಎರಡು ದುಂಡು ದೀಪ, ತೆಳ್ಳನೆಯ ಕ್ರೋಮ್ ಬಂಪರ್, ಹಿಂದಕ್ಕೆ ಹೋದಂತೆ ಇಳಿಜಾರಾಗುವ ಮಾಡು. ಬಣ್ಣ ಕಿತ್ತಳೆ. ಬಾಗಿಲು ತೆಗೆದರೆ ಹಳೆಯ ರೆಕ್ಸಿನ್ ಮತ್ತು ಪೆಟ್ರೋಲು ಬೆರೆತ ವಾಸನೆ. ಸೀಟು ತೀರಾ ಕೆಳಗೆ. ಕೂತವರ ಕಾಲು ಮುಂದಕ್ಕೆ ಚಾಚಿಕೊಳ್ಳುತ್ತದೆ. ಡ್ಯಾಶಿನ ನಡುವೆ ಚಾಲಕನ ಕಡೆಗೆ ಮುಖ ಮಾಡಿದ ಮೂರು ಪುಟ್ಟ ಮೀಟರುಗಳು, ಸ್ಟೀರಿಂಗಿನ ಹಿಂದೆ ಎರಡು ದೊಡ್ಡವು: ಒಂದು ವೇಗಕ್ಕೆ, ಇನ್ನೊಂದು ಎಂಜಿನ್ ನಿಮಿಷಕ್ಕೆಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವುದಕ್ಕೆ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆ ಅದರ ಮುಳ್ಳಿನ ಮೇಲೆ ನಿಂತಿದೆ.

ಇದು 1971ರ ಡಾಟ್ಸನ್ 240ಝಡ್. ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ನನ್ನ ಭಾವನ ಮನೆಯಲ್ಲಿ. ಭಾವ ಸಕಲೇಶಪುರದ ಹತ್ತಿರದ ತೋಟದ ಮನೆಯವರು. ಅವರು ಹುಡುಗರಾಗಿದ್ದಾಗ ಮನೆಯಲ್ಲಿ ಸೇನೆ ಹರಾಜು ಹಾಕಿದ ಒಂದು ಜೊಂಗಾ ಇತ್ತು. ಜಬಲ್ಪುರದಲ್ಲಿ ತಯಾರಾದರೂ ಜೊಂಗಾ ಹುಟ್ಟಿನಿಂದ ನಿಸ್ಸಾನ್ ಗಾಡಿಯೇ. ನಿಸ್ಸಾನ್ ಪ್ಯಾಟ್ರೋಲ್ ಜೀಪಿನ ಲೈಸೆನ್ಸ್ ಪಡೆದು ಕಟ್ಟಿದ್ದು, ಒಳಗಿದ್ದದ್ದು ಆರು ಸಿಲಿಂಡರಿನ ಎಂಜಿನ್. ಮಳೆಗಾಲದಲ್ಲಿ ಅದರ ಪ್ಲಗ್ ಬಿಚ್ಚಿ ಒಲೆಯ ಮೇಲೆ ಕಾಯಿಸಿ ಹಾಕುತ್ತಿದ್ದ ಕೈಗಳೇ ಈಗ ಈ ಡಾಟ್ಸನ್ನಿನ ಬಾನೆಟ್ ಎತ್ತುತ್ತಿವೆ. ಆರು ಸಿಲಿಂಡರಿನ ಸದ್ದಿಗೆ ಒಗ್ಗಿದ ಕಿವಿ ಬೇರೆ ಸದ್ದನ್ನು ಒಪ್ಪುವುದಿಲ್ಲ ಎಂದು ಅಕ್ಕ ಹೇಳುತ್ತಾಳೆ, ಅದು ನಿಜವೇ.

ಗ್ಯಾರೇಜಿನ ಗೋಡೆಯಲ್ಲಿ ಒಂದು ಚಿತ್ರ ತೂಗುಹಾಕಿದ್ದಾರೆ. ಕೆಂಪು ಮೈ, ಕಪ್ಪು ಬಾನೆಟ್ಟಿನ 240ಝಡ್ ಒಂದು ಪೂರ್ವ ಆಫ್ರಿಕಾದ ಕೆಸರಿನಲ್ಲಿ ನುಗ್ಗುತ್ತಿರುವುದು. 1971ರ ಸಫಾರಿ ರ‍್ಯಾಲಿಯನ್ನು ಈ ಕಾರು ಗೆದ್ದಿತು. 1973ರಲ್ಲಿ ಮತ್ತೆ ಗೆದ್ದಾಗ ಸ್ಟೀರಿಂಗ್ ಹಿಡಿದಿದ್ದವರು ಶೇಖರ್ ಮೆಹ್ತಾ. ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. 1972ರಲ್ಲಿ ಇದಿ ಅಮೀನ್ ಏಷ್ಯಾದವರನ್ನು ದೇಶ ಬಿಡಿಸಿದಾಗ ಕೀನ್ಯಾಕ್ಕೆ ಬಂದ ಮನೆತನ. ಮರುವರ್ಷವೇ ಆ ಗೆಲುವು. ಸಾವಿರಾರು ಕಿಲೋಮೀಟರಿನ ಸ್ಪರ್ಧೆಯ ಕೊನೆಗೆ ಇನ್ನೊಂದು ಡಾಟ್ಸನ್ ಜೊತೆ ಅಂಕಗಳು ಸರಿಸಮವಾಗಿ, ಹೆಚ್ಚು ದೂರ ದಂಡವಿಲ್ಲದೆ ಓಡಿದವರು ಯಾರು ಎಂದು ನೋಡಿ ಮೆಹ್ತಾ ಅವರಿಗೆ ಗೆಲುವು ಕೊಟ್ಟರು. ನಮ್ಮಲ್ಲಿ ಈ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಐದು ಬಾರಿ ಸಫಾರಿ ಗೆದ್ದವರು ಅವರು; ಶಾಲೆಯ ಮಕ್ಕಳಿಗೆ ಗೊತ್ತಿರಬೇಕಾದ ಹೆಸರು.

ಜಪಾನಿನಲ್ಲಿ 1969ರ ಕೊನೆಗೆ ಈ ಕಾರು ಹೊರಬಂದಾಗ ಅದರ ಹೆಸರು ಫೇರ್‌ಲೇಡಿ ಝಡ್. ಅಮೆರಿಕದಲ್ಲಿ ನಿಸ್ಸಾನ್ ವ್ಯಾಪಾರ ನೋಡುತ್ತಿದ್ದ ಯುಟಾಕಾ ಕತಾಯಾಮಾ ಅವರಿಗೆ ಆ ಹೆಸರು ಇಲ್ಲಿ ನಡೆಯುವುದಿಲ್ಲ ಅನ್ನಿಸಿತು. ಹೆಸರಿನ ಪಟ್ಟಿ ಕಿತ್ತು, ಎಂಜಿನ್ನಿನ 2.4 ಲೀಟರ್ ಗಾತ್ರವನ್ನೇ ಹೆಸರು ಮಾಡಿ 240ಝಡ್ ಎಂದು ಹಾಕಿಸಿದರು. ಬೆಲೆ 3,526 ಡಾಲರ್. ಪೋರ್ಷೆಗೋ ಜಾಗ್ವಾರಿಗೋ ಅಷ್ಟು ದುಡ್ಡು ಸುರಿಯಲಾಗದ ಶಾಲಾ ಮೇಷ್ಟ್ರು, ಕಾರ್ಖಾನೆ ಕೆಲಸಗಾರರು ಕೂಡ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಇದಾಯಿತು. ಕತಾಯಾಮಾ 2015ರಲ್ಲಿ ತೀರಿಕೊಂಡಾಗ ಅವರಿಗೆ 105 ವರ್ಷ.

ಈ ಕಾರಿನ ದೊಡ್ಡ ಶತ್ರು ತುಕ್ಕು. ಬ್ಯಾಟರಿ ಕೂರುವ ತಟ್ಟೆ, ಕಾಲಿಡುವ ತಳ, ತಳದಡಿಯ ಉದ್ದುದ್ದ ಪಟ್ಟಿಗಳು, ಬಾಗಿಲ ಹಿಂದಿನ ಮೂಲೆ, ಎಲ್ಲ ಕಡೆ ತಿನ್ನುತ್ತದೆ. ಹಿಮಕ್ಕೆ ಉಪ್ಪು ಸುರಿಯುವ ಊರುಗಳಲ್ಲಿ ಇವು ಕರಗಿಯೇ ಹೋದವು. ಒಣ ಹವೆಯ ಕ್ಯಾಲಿಫೋರ್ನಿಯಾದಲ್ಲಿ ಉಳಿದವು. 1975 ಮತ್ತು ಅದಕ್ಕೂ ಹಳೆಯ ಗಾಡಿಗಳಿಗೆ ಇಲ್ಲಿ ಹೊಗೆ ತಪಾಸಣೆಯ ಕಾಟವೂ ಇಲ್ಲ. ಭಾವ ಕೊಳ್ಳುವಾಗ ಬಣ್ಣ ನೋಡಲಿಲ್ಲ, ಅಯಸ್ಕಾಂತ ಹಿಡಿದು ತಳ ನೋಡಿದರು.

ಈಗ ಕಾಯಿಲೆಯ ವಿಷಯ. ಬೆಳಿಗ್ಗೆ ತಣ್ಣಗಿರುವಾಗ ಚೋಕ್ ಎಳೆದು ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಊರೊಳಗೆ ಸುತ್ತಿದರೆ ಏನೂ ತೊಂದರೆಯಿಲ್ಲ. ಬಿಸಿಲೇರಿದ ಮೇಲೆ ಮೌಂಟ್ ಹ್ಯಾಮಿಲ್ಟನ್ ಕಡೆಗೆ ಹೊರಟರೆ ಮಾತ್ರ, ಅರ್ಧ ಏರು ಹತ್ತುವಷ್ಟರಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿದಂತೆ ಮಾಡಿ ಸುಮ್ಮನಾಗುತ್ತದೆ. ರಸ್ತೆ ಬದಿಯ ಓಕ್ ಮರದ ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಪೆಟ್ರೋಲು ಆವಿಯಾಗುತ್ತಿದೆ. ಆ ಮಾತಿಗೆ ಆಧಾರವಿಲ್ಲದೆ ಇಲ್ಲ. ಈ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಒಳಹೋಗುವ ದಾರಿಯೂ ಹೊಗೆ ಹೊರಬರುವ ದಾರಿಯೂ ಒಂದೇ ಪಕ್ಕದಲ್ಲಿವೆ, ಎಡಗಡೆಗೆ. ಕೆಂಪಗೆ ಕಾಯುವ ಎಕ್ಸಾಸ್ಟ್ ಕೊಳವೆಗಳ ನೆತ್ತಿಯ ಮೇಲೆಯೇ ಎರಡು ಹಿಟಾಚಿ ಕಾರ್ಬುರೇಟರುಗಳು ಕೂತಿವೆ. ಗಾಡಿ ನಿಲ್ಲಿಸಿದೊಡನೆ ಆ ಕಾವೆಲ್ಲ ಮೇಲೇರಿ ಬಟ್ಟಲಿನ ಪೆಟ್ರೋಲನ್ನು ಕುದಿಸುವುದುಂಟು. ಈ ಮಾದರಿಯ ಕಾರುಗಳಿಗೆ ಅದು ಹುಟ್ಟುಗುಣ. ಹಾಗಾಗಿ ಪೆಟ್ರೋಲ್ ಪೈಪಿಗೆ ಕಾವು ತಡೆಯುವ ಬಟ್ಟೆ ಸುತ್ತಿದ್ದಾಯಿತು, ಕಾರ್ಬುರೇಟರಿನ ಕೆಳಗೆ ತಗಡು ಹಾಕಿದ್ದಾಯಿತು. ಒಂದು ವರ್ಕ್‌ಶಾಪಿನವರು ಎರಡೂ ಕಾರ್ಬುರೇಟರ್ ಕಿತ್ತು ಮೂರು ವೆಬರ್ ಹಾಕಿಸಿ ಎಂದರು. ಖರ್ಚಿನ ಚೀಟಿಯಲ್ಲಿ ನಾಲ್ಕು ಸಾವಿರ ಡಾಲರಿಗೂ ಮೇಲಿತ್ತು. ಅವರೇ ಮಿಕ್ಸ್ಚರ್ ನಟ್ಟುಗಳನ್ನು ಹೇಗೋ ತಿರುಗಿಸಿಯೂ ಕಳಿಸಿದ್ದರು. ಎಂಜಿನ್ ಸಾಯುವುದು ನಿಲ್ಲಲಿಲ್ಲ, ಜೊತೆಗೆ ಕಪ್ಪು ಹೊಗೆ ಶುರುವಾಯಿತು.

ಬಿಡಿಭಾಗ ಬದಲಿಸುತ್ತ ಹೋಗುವುದನ್ನು ದುರಸ್ತಿ ಎಂದು ಕರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲಿ ಕೆಟ್ಟಿದೆ ಎಂದು ಕಣ್ಣಾರೆ ನೋಡುವ ಮೊದಲು ಕೊಂಡ ಹೊಸ ಸಾಮಾನು ಹಳೆಯ ದೋಷವನ್ನು ಮುಚ್ಚುತ್ತದೆ, ಅಥವಾ ಹೊಸದೊಂದನ್ನು ತಂದಿಡುತ್ತದೆ. ಪೆಟ್ರೋಲ್ ಎಂಜಿನ್ ನಿಂತುಹೋದರೆ ಕೇಳಬೇಕಾದ ಪ್ರಶ್ನೆಗಳು ಎರಡೇ. ಕಿಡಿ ಇದೆಯೇ? ಪೆಟ್ರೋಲು ಇದೆಯೇ? ಅದನ್ನೂ ಎಂಜಿನ್ ಸತ್ತ ಗಳಿಗೆಯಲ್ಲೇ ಕೇಳಬೇಕು. ಮನೆಗೆ ಎಳೆತಂದು ತಣ್ಣಗಾದ ಮೇಲೆ ಕೇಳಿದರೆ ಎರಡಕ್ಕೂ ಇದೆ ಎಂಬ ಉತ್ತರವೇ ಸಿಗುತ್ತದೆ.

ಉತ್ತರ ಸಿಕ್ಕಿದ್ದು ಸೊಸೆಯಿಂದ. ಅಕ್ಕನ ಮಗಳು ಹೈಸ್ಕೂಲಿನ ಹುಡುಗಿ. ಅಪ್ಪನ ಜೊತೆ ಏರುದಾರಿಗೆ ಹೋದಾಗ ಪಕ್ಕದ ಸೀಟಿನಿಂದ ಫೋನಿನಲ್ಲಿ ಡ್ಯಾಶನ್ನು ವಿಡಿಯೊ ಮಾಡಿಕೊಂಡಿದ್ದಳು. ಊಟದ ಮೇಜಿನ ಮೇಲೆ ಅದನ್ನು ನಿಧಾನವಾಗಿ ಓಡಿಸಿ ತೋರಿಸಿದಳು.

“ಮಾಮ, ಇಲ್ಲಿ ನೋಡು. ಸ್ಪೀಡ್ ಮುಳ್ಳು ಅಲ್ಲೇ ಇದೆ. ಆರ್‌ಪಿಎಂ ಮುಳ್ಳು ಮಾತ್ರ ಜೀರೋಗೆ ಬಿತ್ತು.”

ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. “ಇನ್ನೊಂದ್ ಸಲ ಹಾಕಮ್ಮ.”

ಮತ್ತೆ ನೋಡಿದೆವು. ಗಾಡಿ ಗೇರಿನಲ್ಲೇ ಇದೆ, ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇವೆ. ಆದರೂ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಒಂದೇ ಏಟಿಗೆ ಸೊನ್ನೆಗೆ ಬಿದ್ದಿದೆ.

ಇದರ ಅರ್ಥ ತಿಳಿಯಬೇಕಾದರೆ ಈ ಕಾರಿನ ಒಂದು ವಿಶೇಷ ತಿಳಿದಿರಬೇಕು. ಆ ಕಾಲದ 240ಝಡ್‌ಗಳಲ್ಲಿ ಆರ್‌ಪಿಎಂ ಮೀಟರು ಬೇರೆ ತಂತಿಯಿಂದ ಸುದ್ದಿ ತಿಳಿಯುವುದಿಲ್ಲ. ಕೀಲಿಯಿಂದ ಹೊರಟ ಕರೆಂಟು ಮೀಟರಿನ ಒಳಹೊಕ್ಕು, ಹೊರಬಂದು, ಕರೆಂಟನ್ನು ಹದಕ್ಕಿಳಿಸುವ ಬ್ಯಾಲಾಸ್ಟ್ ರೆಸಿಸ್ಟರ್ ದಾಟಿ, ಕಿಡಿ ಹುಟ್ಟಿಸುವ ಕಾಯಿಲಿಗೆ ಹೋಗುತ್ತದೆ. ಮಲೆನಾಡಿನಲ್ಲಿ ಮೇಲಿನ ಗದ್ದೆಯ ಬದು ದಾಟಿಯೇ ಕೆಳಗಿನ ಗದ್ದೆಗೆ ನೀರು ಇಳಿಯುವ ಹಾಗೆ. ಪೆಟ್ರೋಲು ಮುಗಿದು ಎಂಜಿನ್ ಸತ್ತಿದ್ದರೆ, ಅದು ತಿರುಗುತ್ತಿರುವಷ್ಟು ಹೊತ್ತು ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ತೆರೆದು ಮುಚ್ಚಿ ಕರೆಂಟನ್ನು ಕಡಿಯುತ್ತ ಜೋಡಿಸುತ್ತ ಇರುತ್ತವೆ, ಮುಳ್ಳು ಸುತ್ತನ್ನು ತೋರಿಸುತ್ತಲೇ ಇರುತ್ತದೆ. ಎಂಜಿನ್ ತಿರುಗುವಾಗಲೇ ಮುಳ್ಳು ಸತ್ತಿತೆಂದರೆ ಆ ದಾರಿಯಲ್ಲಿ ಕರೆಂಟೇ ಇಲ್ಲ. ಕಾವು ತಡೆಯುವ ಬಟ್ಟೆ, ತಗಡು, ವೆಬರಿನ ಚೀಟಿ, ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ.

ಶನಿವಾರ ಬೆಳಿಗ್ಗೆ ಕಾರನ್ನು ಗ್ಯಾರೇಜಿನಿಂದ ಮನೆಮುಂದಿನ ಕಾಂಕ್ರೀಟಿಗೆ ತಳ್ಳಿದೆವು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ವಿಷ ಜೀವ ತೆಗೆಯುತ್ತದೆ. ಬಾಗಿಲು ತೆರೆದಿದೆಯೆಂಬ ಧೈರ್ಯವೂ ಸಾಲದು. ಬೆಂಕಿ ಆರಿಸುವ ಸಿಲಿಂಡರು ಕೈಗೆಟಕುವಂತೆ ಇಟ್ಟುಕೊಂಡರು ಭಾವ. ಹಳೆಯ ಚಾಪೆಯೊಂದರ ಮೇಲೆ ಪಾನಾಗಳನ್ನು ಸಾಲಾಗಿ ಜೋಡಿಸಿದರು: ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು. ಸ್ಕ್ರೂಡ್ರೈವರುಗಳು ಎರಡು ಬಗೆಯವು. ಇದು ಜಪಾನಿ ಗಾಡಿಗಳ ಕೆಲಸದಲ್ಲಿ ದೊಡ್ಡ ಸೂಕ್ಷ್ಮ. ಇವುಗಳ ಸ್ಕ್ರೂ ತಲೆಯ ಮೇಲಿನ ಪ್ಲಸ್ ಗುರುತು ನೋಡಲು ಮಾಮೂಲಿ ಫಿಲಿಪ್ಸ್‌ನದೇ ಆಗಿ ಕಂಡರೂ ಅಲ್ಲ. ಅದು ಜಪಾನಿನ ಜೆಐಎಸ್ ಅಳತೆಯದು. ಫಿಲಿಪ್ಸ್ ಇಟ್ಟು ಒತ್ತಿ ತಿರುಗಿಸಿದರೆ ಜಾರಿ ಮೇಲೆದ್ದು ತಲೆಯನ್ನು ಸವೆಸಿಬಿಡುತ್ತದೆ. ಹಳೆಯ ಹೋಂಡಾ, ಯಮಹಾ ಬೈಕುಗಳ ಕಾರ್ಬುರೇಟರ್ ಸ್ಕ್ರೂ ಹಾಳುಮಾಡಿಕೊಂಡವರು ನಮ್ಮಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ದೋಷ ಸ್ಕ್ರೂವಿನದಲ್ಲ.

ಬ್ಯಾಲಾಸ್ಟ್ ರೆಸಿಸ್ಟರಿಗೆ ಕರೆಂಟು ಬರುವ ತುದಿಗೆ ಒಂದು ಟೆಸ್ಟ್ ಲ್ಯಾಂಪ್ ಕಟ್ಟಿದರು. ಹನ್ನೆರಡು ವೋಲ್ಟಿನ ಬಲ್ಬು, ಎರಡು ತಂತಿ, ಅಷ್ಟೇ. ಬಲ್ಬನ್ನು ಬಾನೆಟ್ಟಿನಿಂದ ಹೊರಗೆಳೆದು ಗಾಜಿನ ಮುಂದೆ ಕಾಣುವಂತೆ ಇಟ್ಟರು. ಎಂಜಿನ್ ಸ್ಟಾರ್ಟ್ ಮಾಡಿದರು. ಕಾರಿನೊಳಗೆ ಹೀಟರನ್ನು ಪೂರ್ತಿ ತೆರೆದು ಕಿಟಕಿ ಏರಿಸಿದರು. ಡ್ಯಾಶಿನ ಹಿಂದೆ ಏರುದಾರಿಯಲ್ಲಿ ಆಗುವಷ್ಟೇ ಕಾವು ಆಗಬೇಕು. ಜುಲೈ ಬಿಸಿಲಿನಲ್ಲಿ ಹೀಟರು ಓಡುತ್ತಿರುವ ಕಾರನ್ನು ಬೀದಿಯಲ್ಲಿ ನಾಯಿ ನಡೆಸುತ್ತಿದ್ದವರು ನಿಂತು ನೋಡಿದರು. ನಾವು ಬಲ್ಬನ್ನು ನೋಡುತ್ತ ನಿಂತೆವು.

ಬಲ್ಬು ಉರಿಯುತ್ತಿತ್ತು, ಉರಿಯುತ್ತಲೇ ಇತ್ತು. ಅಕ್ಕ ಮಜ್ಜಿಗೆ ತಂದುಕೊಟ್ಟು, “ಏನ್ರೀ, ಇವತ್ತಾದ್ರೂ ಗೊತ್ತಾಗುತ್ತಾ?” ಎಂದಳು. ಲೋಟ ಖಾಲಿಯಾಗುವಷ್ಟರಲ್ಲಿ ಬೆಳಕು ಹಳದಿಗೆ ತಿರುಗಿತು. ಎಂಜಿನ್ನಿನ ಸದ್ದು ಒಡೆಯಿತು. ಬಲ್ಬು ಕೆಂಪಾಯಿತು, ಆರಿತು, ಎಂಜಿನ್ ನಿಂತಿತು.

ಇಂಥ ಹೊತ್ತಿನಲ್ಲಿ ಆತುರ ಕೂಡದು. ಭಾವ ಬಲ್ಬು ಆರಿದ್ದನ್ನೇ ತೀರ್ಮಾನ ಎಂದು ತೆಗೆದುಕೊಳ್ಳಲಿಲ್ಲ. ಸಿದ್ಧವಾಗಿಟ್ಟಿದ್ದ ತಂತಿಯೊಂದರ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದು ತುದಿಯನ್ನು ರೆಸಿಸ್ಟರಿನ ಅದೇ ತುದಿಗೂ ಕಚ್ಚಿಸಿದರು. ಮಗಳು ಸೆಲ್ಫ್ ಹೊಡೆದಳು. ಕುದಿಯುವಷ್ಟು ಬಿಸಿಯಿದ್ದ ಎಂಜಿನ್ ಕೂಡಲೇ ಹಿಡಿದುಕೊಂಡಿತು. ಕಾಯಿಲ್ ಸರಿಯಿದೆ, ಪಾಯಿಂಟ್ ಸರಿಯಿದೆ, ಕಂಡೆನ್ಸರ್ ಸರಿಯಿದೆ, ಪೆಟ್ರೋಲೂ ಬರುತ್ತಿದೆ ಎಂದು ಒಂದು ತುಂಡು ತಂತಿ ಒಂದೇ ಸಲಕ್ಕೆ ಸಾಬೀತು ಮಾಡಿತು. ಹೀಗೆ ಕಟ್ಟಿದಾಗ ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ತಂತಿ ಕೀಳಬೇಕು. ಅಷ್ಟು ಎಚ್ಚರವಿದ್ದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಉಳಿದದ್ದು ಕೀಲಿಯಿಂದ ರೆಸಿಸ್ಟರಿನವರೆಗಿನ ದಾರಿ. ಬ್ಯಾಟರಿಯ ತಂತಿ ಬಿಚ್ಚಿ, ಸೀಟು ಹಿಂದೆ ತಳ್ಳಿ, ಭಾವ ಡ್ಯಾಶಿನ ಕೆಳಗೆ ಅಂಗಾತ ಮಲಗಿದರು. ಐವತ್ತು ದಾಟಿದವರಿಗೆ ಆ ಭಂಗಿ ಸುಲಭದ್ದಲ್ಲ: ಸೊಂಟ ಬಾಗಿಲ ಹೊಸ್ತಿಲ ಮೇಲೆ, ಕತ್ತು ಪೆಡಲುಗಳ ನಡುವೆ. ನಾನು ಟಾರ್ಚ್ ಹಿಡಿದೆ. ಒಳಗೆ ಅರ್ಧ ಶತಮಾನದ ಧೂಳು, ಗಟ್ಟಿಯಾಗಿ ಹೋದ ಸುತ್ತುಪಟ್ಟಿ, ಯಾರೋ ಎಂದೋ ಹಾಕಿ ಕಿತ್ತ ರೇಡಿಯೊದ ಅನಾಥ ತಂತಿಗಳು. ಕಪ್ಪಿನ ಮೇಲೆ ಬಿಳಿ ಪಟ್ಟೆಯ ತಂತಿಯನ್ನು ಹಿಡಿದು ಬೆರಳಲ್ಲೇ ತಡವುತ್ತ ಹೋದರು. ಆರ್‌ಪಿಎಂ ಮೀಟರಿನ ಹಿಂದೆ ಗುಂಡುತಲೆಯ ಹಿತ್ತಾಳೆ ಪಿನ್ನೊಂದು ರಬ್ಬರು ತೊಟ್ಟು ಹಿತ್ತಾಳೆಯ ತೋಳೊಂದರೊಳಗೆ ಕೂತಿತ್ತು.

“ಟಾರ್ಚ್ ಇತ್ತ ತಾರೋ… ಇನ್ನೂ ಇತ್ತ.”

ರಬ್ಬರು ಕಂದಿ ಬಿರಿದಿತ್ತು. ಎಳೆದಾಗ ಪಿನ್ನು ಹಿಡಿತವೇ ಇಲ್ಲದೆ ಕಳಚಿ ಬಂತು. ಹಿತ್ತಾಳೆಯ ಹೊಳಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು, ಒಂದು ಪಕ್ಕದಲ್ಲಿ ಹಸಿರು ಕಿಲುಬು.

ಈ ತಂತಿಯಲ್ಲಿ ಪಾಯಿಂಟುಗಳು ಕೂಡಿದಾಗಲೆಲ್ಲ ಮೂರು ನಾಲ್ಕು ಆಂಪಿಯರ್ ಕರೆಂಟು ಹರಿಯುತ್ತದೆ. ಸಂದು ಸಡಿಲವಾದರೆ, ಕಿಲುಬು ಹಿಡಿದರೆ ಅಲ್ಲಿ ತಡೆ ಹುಟ್ಟುತ್ತದೆ, ತಡೆಯಿದ್ದಲ್ಲಿ ಕಾವು, ಕಾವಿಗೆ ಹಿತ್ತಾಳೆಯ ತೋಳು ಇನ್ನಷ್ಟು ಅಗಲಿ ಸಂದು ಬಿಟ್ಟುಕೊಳ್ಳುತ್ತದೆ. ಅರ್ಧ ಗಂಟೆ ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಲೂಸ್ ಕಾಂಟ್ಯಾಕ್ಟ್ ಎಂದು ಬೆಂಗಳೂರಿನ ಯಾವ ಎಲೆಕ್ಟ್ರಿಷಿಯನ್ನಾದರೂ ಹೇಳುವ ಮಾಮೂಲಿ ದೋಷ. ಓಕ್ ಮರದ ನೆರಳಿನಲ್ಲಿ ಕಾರು ತಾನಾಗಿಯೇ ಗುಣವಾಗುತ್ತಿದ್ದ ರಹಸ್ಯ ಇದೇ.

ತಂತಿಯ ಸುಟ್ಟ ತುದಿ ಕತ್ತರಿಸಿ, ತಾಮ್ರ ಮಿನುಗುವವರೆಗೆ ಸುಲಿದು, ಅದೇ ಅಳತೆಯ ಹೊಸ ಹಿತ್ತಾಳೆ ಪಿನ್ನು ಇಕ್ಕಳದಲ್ಲಿ ಒತ್ತಿ ಕೂರಿಸಿದರು. ಮೀಟರಿನಿಂದ ಹೊರಬರುವ ಇನ್ನೊಂದು ಸಂದಿಗೂ ಹಾಗೆಯೇ ಮಾಡಿದರು, ಅದು ಇನ್ನೂ ಕೆಟ್ಟಿಲ್ಲದಿದ್ದರೂ. ಅದರ ವಯಸ್ಸೂ ಅಷ್ಟೇ ತಾನೆ. ಮತ್ತೆ ಹೀಟರು, ಮತ್ತೆ ಬಲ್ಬು. ಈ ಸಲ ಬಲ್ಬು ಮಂಕಾಗಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಳ್ಳು ಇಳಿಯುವುದು ಕಾಣುವವರೆಗೂ ಓಡಿಸಿದೆವು.

ಭಾನುವಾರ ಮಿಕ್ಕ ಕೆಲಸ. ವರ್ಕ್‌ಶಾಪಿನವರು ಕೆಡಿಸಿದ್ದನ್ನು ಸರಿಮಾಡಬೇಕಿತ್ತು, ಮತ್ತು ಇದಕ್ಕೊಂದು ಕ್ರಮವಿದೆ: ಮೊದಲು ಟ್ಯಾಪೆಟ್, ಆಮೇಲೆ ಕಿಡಿ, ಕಾರ್ಬುರೇಟರ್ ಕಟ್ಟಕಡೆಗೆ. ಕ್ರಮ ತಪ್ಪಿದವರು ಇಡೀ ದಿನ ಸ್ಕ್ರೂ ತಿರುಗಿಸುತ್ತ ಕೂರುತ್ತಾರೆ. ಎಂಜಿನ್ ಬಿಸಿಯಿರುವಾಗ ಒಳಬರುವ ವಾಲ್ವಿಗೆ 0.25 ಮಿಲಿಮೀಟರ್, ಹೊರಹೋಗುವ ವಾಲ್ವಿಗೆ 0.30. ಹದಿನೇಳರ ಪಾನಾದಿಂದ ಚೆಕ್‌ನಟ್ ಸಡಿಲಿಸಿ, ಹದಿನಾಲ್ಕರದ್ದರಿಂದ ತಿರುಗಿಸಿ, ಫೀಲರ್ ಗೇಜಿನ ತಗಡು ಎಣ್ಣೆಯಲ್ಲಿ ಬಿಗಿಯಾಗಿ ಜಾರುವಂತೆ ಹನ್ನೆರಡು ವಾಲ್ವುಗಳನ್ನೂ ಹೊಂದಿಸಿದರು. ಪಾಯಿಂಟಿನ ಬಾಯಿ ಅರ್ಧ ಮಿಲಿಮೀಟರ್. ಕಿಡಿಯ ಸರದಿ ಒಂದು, ಐದು, ಮೂರು, ಆರು, ಎರಡು, ನಾಲ್ಕು.

ಕಾರ್ಬುರೇಟರುಗಳ ಹೆಸರು ಹಿಟಾಚಿ ಎಂದಿದ್ದರೂ ವಿನ್ಯಾಸ ಇಂಗ್ಲೆಂಡಿನ ಎಸ್‌ಯು ಕಾರ್ಬುರೇಟರಿನದು. ನಮ್ಮ ಅಂಬಾಸಡರಿನಲ್ಲಿದ್ದದ್ದೂ ಆ ಜಾತಿಯದೇ. ಗಾಳಿಯ ಸೆಳೆತಕ್ಕೆ ಪಿಸ್ಟನ್ನೊಂದು ಮೇಲೇರುತ್ತದೆ, ಅದರ ಬುಡದ ಮೊನಚು ಸೂಜಿ ಜೆಟ್ಟಿನಿಂದ ಎದ್ದಷ್ಟೂ ಹೆಚ್ಚು ಪೆಟ್ರೋಲು ಬಿಡುತ್ತದೆ. ಇಷ್ಟು ಸರಳವಾದ, ಇಷ್ಟು ಬುದ್ಧಿವಂತ ವಸ್ತು ಯಂತ್ರಲೋಕದಲ್ಲಿ ಅಪರೂಪ. ಎರಡರ ಮಿಕ್ಸ್ಚರ್ ನಟ್ಟುಗಳನ್ನೂ ಪೂರ್ತಿ ಮೇಲೇರಿಸಿ, ಅಲ್ಲಿಂದ ಎರಡೂವರೆ ಸುತ್ತು ಕೆಳಗಿಳಿಸಿದರು. ಪಿಸ್ಟನ್ ಮೇಲಿನ ಡಬ್ಬಿಗೆ ತೆಳು ಎಣ್ಣೆ ಬಿಟ್ಟರು. ಆಮೇಲೆ ತೋಟದ ನೀರಿನ ಪೈಪಿನ ಗಿಡ್ಡ ತುಂಡೊಂದರ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಒಳನುಗ್ಗುವ ಗಾಳಿಯ ಸುಯ್ಯೆಂಬ ಸದ್ದು ಮುಂದಿನದರಲ್ಲಿ ಜೋರು, ಹಿಂದಿನದರಲ್ಲಿ ಸಣ್ಣ. ಐಡ್ಲಿಂಗ್ ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಎರಡೂ ಸದ್ದು ಒಂದಾಗುವವರೆಗೆ ಅತ್ತಿಂದಿತ್ತ ಕಿವಿ ಇಟ್ಟರು. ನನಗೂ ಕೇಳಿಸಿದರು, ಮಗಳಿಗೂ ಕೇಳಿಸಿದರು. ಸರಿಯಾದ ಗಳಿಗೆಯಲ್ಲಿ ಎಂಜಿನ್ನಿನ ನಡುಕ ಹೇಗೆ ಇಳಿಯಿತೆಂದರೆ, ಬಾನೆಟ್ ಕೆಳಗಿನ ತಗಡಿನ ಮೇಲೆ ನಿಲ್ಲಿಸಿದ ನಾಣ್ಯ ನಿಂತೇ ಇತ್ತು. ಆರ್‌ಪಿಎಂ ಮುಳ್ಳು 750ರ ಹತ್ತಿರ ಅಲುಗದೆ ಕೂತಿತ್ತು.

ಸಂಜೆಗೆ ಮೌಂಟ್ ಹ್ಯಾಮಿಲ್ಟನ್ ಹತ್ತಿ, ನೆತ್ತಿಯ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟಗಳ ತನಕ ಹೋಗಿಬಂದರು, ಅಪ್ಪ ಮತ್ತು ಮಗಳು. ಎಲ್ಲೂ ನಿಲ್ಲಲಿಲ್ಲ. ಬಿಚ್ಚಿ ನೋಡಿದ ಪ್ಲಗ್ಗುಗಳಲ್ಲಿ ಮಸಿಯಿರಲಿಲ್ಲ, ಆರೂ ತಿಳಿ ಕಂದು. ಎರಡು ಪಿನ್ನು, ಎರಡು ರಬ್ಬರು ತೊಟ್ಟಿಗೆ ಆದ ಖರ್ಚು ಐದು ಡಾಲರಿಗೂ ಕಡಿಮೆ.

ಶೆಡ್ಡಿನಲ್ಲಿ ಜೊಂಗಾ, ಅಂಬಾಸಡರ್, ಪದ್ಮಿನಿ ಇಟ್ಟುಕೊಂಡು ಅದು ಆಗಾಗ ನಿಂತುಹೋಗುತ್ತದೆ ಎಂದು ಗುಜರಿಗೆ ಕೊಡುವ ಯೋಚನೆಯಲ್ಲಿರುವವರು ಈ ವಾರ ಒಂದು ಹನ್ನೆರಡು ವೋಲ್ಟಿನ ಬಲ್ಬು, ಹೋಲ್ಡರು, ಎರಡು ಮೀಟರ್ ತಂತಿ ಕೊಳ್ಳಿ. ಗಾಡಿ ಇನ್ನೊಮ್ಮೆ ನಿಂತಾಗ, ತಣ್ಣಗಾಗುವ ಮೊದಲು, ಕಾಯಿಲಿಗೆ ಕರೆಂಟು ಬರುತ್ತಿದೆಯೇ ಎಂದು ಅದರಿಂದ ನೋಡಿ. ಗುಜರಿಯವರನ್ನು ಆಮೇಲೆ ಕರೆದರಾಯಿತು.